ಮನೆ ಮುಂದಿನ ರಸ್ತೆಗೆ ಪರ್ಮಿಟ್: ನಿವಾಸಿ ಪಾರ್ಕಿಂಗ್ ನಿಯಮದ ಒಳಲೆಕ್ಕ

‘ಮನೆ ಮುಂದೆ ಕಾರು ನಿಲ್ಲಿಸೋದಕ್ಕೂ ಇನ್ಮೇಲೆ ದುಡ್ಡು ಕೊಡಬೇಕಂತೆ’ ಎಂಬ ಮಾತು ಬೆಂಗಳೂರಿನ ಬಡಾವಣೆಗಳಲ್ಲಿ 2021ರಿಂದಲೂ ಆಗಾಗ ಏಳುತ್ತದೆ, ಅಡಗುತ್ತದೆ. ಆ ವರ್ಷ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟ ‘ಪಾರ್ಕಿಂಗ್ ನೀತಿ 2.0’ರಲ್ಲಿ ವಸತಿ ಬೀದಿಗಳಿಗೆ ವಾರ್ಷಿಕ ಪರ್ಮಿಟ್ ಎಂಬ ವ್ಯವಸ್ಥೆ ಸೇರಿತ್ತು. ನೀತಿಯ ಕಾಗದದಲ್ಲಿರುವ ಈ ಪರ್ಮಿಟ್ ನಗರದಾದ್ಯಂತ ಇನ್ನೂ ಜಾರಿಗೆ ಬಂದಿಲ್ಲ. ಆದರೆ ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳು ಬಂದಿವೆ. ಹಾಗಾಗಿ ಬೀದಿಯ ಪಾರ್ಕಿಂಗ್ ಬಗ್ಗೆ ಕೇಳಬೇಕಾದ ಕಚೇರಿಯೂ ಬದಲಾಗಿದೆ.

ಪರ್ಮಿಟ್ ಬಂದರೆ ಏನಾಗುತ್ತದೆ, ಯಾರಿಗೆ ಸಿಗುತ್ತದೆ, ಯಾವ ಬೀದಿಯ ತೊಂದರೆಯನ್ನು ಅದು ಬಿಡಿಸುತ್ತದೆ, ಯಾವುದನ್ನು ಬಿಡಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಪಾಲಿಕೆಯವರು ಸಭೆ ಕರೆದಾಗ ಸರಿಯಾದ ಪ್ರಶ್ನೆ ಕೇಳಬಹುದು.

ಪರ್ಮಿಟ್ ಅಂದರೆ ಏನು

ಒಂದು ಬಡಾವಣೆಯ ಕೆಲವು ಬೀದಿಗಳನ್ನು ಸೇರಿಸಿ ‘ಪರ್ಮಿಟ್ ವಲಯ’ ಎಂದು ಗುರುತಿಸುತ್ತಾರೆ. ಆ ವಲಯದಲ್ಲಿ ವಾಸವಿರುವವರ ವಾಹನಕ್ಕೆ ವರ್ಷಕ್ಕೊಮ್ಮೆ ಶುಲ್ಕ ಪಡೆದು ಅನುಮತಿ ಕೊಡುತ್ತಾರೆ. ಅನುಮತಿ ಇಲ್ಲದ ವಾಹನ ಗೊತ್ತುಪಡಿಸಿದ ಹೊತ್ತಿನಲ್ಲಿ ಅಲ್ಲಿ ನಿಲ್ಲುವಂತಿಲ್ಲ, ಅಥವಾ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ನಿಲ್ಲಬೇಕು.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಸಂಗತಿ ಒಂದಿದೆ. ಪರ್ಮಿಟ್ ಪಡೆದವರಿಗೆ ತಮ್ಮ ಮನೆಯ ಮುಂದಿನ ಜಾಗವೇ ಮೀಸಲಾಗುವುದಿಲ್ಲ. ಅದು ಬಿಎಂಟಿಸಿಯ ತಿಂಗಳ ಪಾಸ್ ಇದ್ದ ಹಾಗೆ. ಪಾಸ್ ಇದ್ದರೆ ಬಸ್ ಹತ್ತಬಹುದು, ಕಿಟಕಿ ಪಕ್ಕದ ಸೀಟು ನನ್ನದೇ ಎನ್ನಲಾಗದು. ನಿಮ್ಮ ಗೇಟಿನ ಪಕ್ಕದ ಜಾಗದಲ್ಲಿ ಮೂರನೇ ಮನೆಯವರ ಪರ್ಮಿಟ್ ಕಾರು ನಿಂತಿದ್ದರೆ ಅದು ತಪ್ಪಲ್ಲ, ನೀವು ವಲಯದೊಳಗೆ ಬೇರೆ ಜಾಗ ಹುಡುಕಬೇಕು.

ಇನ್ನೊಂದು ಮಾತು, ಪರ್ಮಿಟ್ ಇದೆ ಎಂದು ‘ನೋ ಪಾರ್ಕಿಂಗ್’ ಜಾಗದಲ್ಲಿ ನಿಲ್ಲಿಸುವಂತಿಲ್ಲ. ತಿರುವು, ಫುಟ್‌ಪಾತ್, ಬೇರೆಯವರ ಗೇಟು ಇವೆಲ್ಲ ಪರ್ಮಿಟ್ ಇದ್ದವರಿಗೂ ನಿಷಿದ್ಧವೇ.

ಒಂದು ಕ್ರಾಸ್ ರಸ್ತೆಯಲ್ಲಿ ಎಷ್ಟು ಕಾರು ಹಿಡಿಸುತ್ತದೆ?

ಈ ವಿಷಯದಲ್ಲಿ ನಡೆಯುವ ಜಗಳಗಳು ಬಹುತೇಕ ಈ ಲೆಕ್ಕ ಹಾಕದೆ ಶುರುವಾದವು. ಹಾಗಾಗಿ ಇದನ್ನು ನಿಧಾನವಾಗಿ ನೋಡಬೇಕು.

ಮೊದಲು ರಸ್ತೆಯ ಅಗಲ. ನಾವು ‘30 ಅಡಿ ರಸ್ತೆ’ ಎನ್ನುವುದು ಈ ಕಡೆಯ ಕಾಂಪೌಂಡಿನಿಂದ ಆ ಕಡೆಯ ಕಾಂಪೌಂಡಿನವರೆಗಿನ ಅಳತೆ, ಸುಮಾರು 9.1 ಮೀಟರ್. ಎರಡೂ ಬದಿ ಚರಂಡಿ ಮತ್ತು ಫುಟ್‌ಪಾತಿಗೆ ಒಂದೂವರೆ ಮೀಟರ್‌ನಂತೆ ಕಳೆದರೆ ಡಾಂಬರು ಉಳಿಯುವುದು ಸುಮಾರು 6.1 ಮೀಟರ್. ನಿಂತ ಕಾರು, ಅದರ ಕನ್ನಡಿ, ಪಕ್ಕದ ಸಂದು ಸೇರಿ 2 ಮೀಟರ್ ತಿನ್ನುತ್ತದೆ. ಎರಡೂ ಬದಿ ಕಾರು ನಿಲ್ಲಿಸಿದರೆ ಮಧ್ಯೆ ಉಳಿಯುವುದು 2.1 ಮೀಟರ್. ನಮ್ಮ ವಾಹನ ನಿಯಮಗಳ ಪ್ರಕಾರ ಲಾರಿ, ಬಸ್ಸಿನಂಥ ದೊಡ್ಡ ವಾಹನದ ಅಗಲ 2.6 ಮೀಟರ್‌ವರೆಗೆ ಇರಬಹುದು. ಅಗ್ನಿಶಾಮಕ ವಾಹನ ಬಂದರೆ ಒಳಗೆ ನುಗ್ಗಲಾರದು, ನೀರಿನ ಟ್ಯಾಂಕರ್ ಕೂಡ ಅಷ್ಟೇ. ಆದ್ದರಿಂದ 30 ಅಡಿ ರಸ್ತೆಯಲ್ಲಿ ಪಾರ್ಕಿಂಗ್ ಒಂದೇ ಬದಿಗೆ. ಆಗ ಓಡಾಟಕ್ಕೆ 4 ಮೀಟರ್ ಸಿಗುತ್ತದೆ.

ಇದೇ ಲೆಕ್ಕವನ್ನು 40 ಅಡಿ ರಸ್ತೆಗೆ ಹಾಕಿದರೆ ಡಾಂಬರು 9.2 ಮೀಟರ್. ಎರಡೂ ಬದಿ ನಿಲ್ಲಿಸಿದರೂ 5.2 ಮೀಟರ್ ಉಳಿಯುತ್ತದೆ, ನಡೆಯುತ್ತದೆ. 20 ಅಡಿ ರಸ್ತೆಯಲ್ಲಿ ಚರಂಡಿ ಬದಿಗೆ ಒಂದೊಂದೇ ಮೀಟರ್ ಬಿಟ್ಟರೂ ಡಾಂಬರು ಸುಮಾರು 4.1 ಮೀಟರ್, ಒಂದು ಬದಿ ಕಾರು ನಿಲ್ಲಿಸಿದರೆ ಮತ್ತೆ 2.1ಕ್ಕೇ ಬಂದು ನಿಲ್ಲುತ್ತೇವೆ. ಹಾಗಾಗಿ 20 ಅಡಿ ಗಲ್ಲಿಗಳಲ್ಲಿ ಕಾರಿಗೆ ಪರ್ಮಿಟ್ ಕೊಡಲು ಜಾಗವೇ ಇಲ್ಲ. ಬೆಂಗಳೂರಿನ ಹಳೆಯ ಗ್ರಾಮಠಾಣಾ ಪ್ರದೇಶಗಳು, ಕಂದಾಯ ಬಡಾವಣೆಗಳ ಒಳಬೀದಿಗಳು ಹೆಚ್ಚಾಗಿ ಈ ಗುಂಪಿಗೆ ಸೇರುತ್ತವೆ. ಅಲ್ಲಿನವರಿಗೆ ಬೇಕಾಗಿರುವುದು ಹತ್ತಿರದಲ್ಲೊಂದು ಬಯಲು ಪಾರ್ಕಿಂಗ್.

ಈಗ ಉದ್ದದ ಲೆಕ್ಕ. 100 ಮೀಟರ್ ಉದ್ದದ 30 ಅಡಿ ರಸ್ತೆ, ಇಕ್ಕೆಲದಲ್ಲೂ 30x40 ಸೈಟುಗಳು ಎಂದುಕೊಳ್ಳಿ. ಸೈಟಿನ ಮುಂಭಾಗ 30 ಅಡಿ, ಅಂದರೆ 9.1 ಮೀಟರ್. ಒಂದು ಬದಿಗೆ 11 ಸೈಟು, ಎರಡೂ ಬದಿ ಸೇರಿ 22. ನೆಲಮಹಡಿ ಮತ್ತು ಮೇಲೆ ಎರಡು ಮಹಡಿ ಇದ್ದು ಮಹಡಿಗೊಂದು ಮನೆ ಎಂದರೆ 66 ಮನೆಗಳು.

ಪಾರ್ಕಿಂಗ್ ಒಂದೇ ಬದಿಗೆ. ತಿರುವಿನಲ್ಲಿ ಎದುರು ಬರುವವರು ಕಾಣಬೇಕಾದರೆ ಎರಡೂ ತುದಿಯಲ್ಲಿ ಹತ್ತತ್ತು ಮೀಟರ್ ಖಾಲಿ ಬಿಡಬೇಕು. ಉಳಿಯುವ 80 ಮೀಟರ್‌ನಲ್ಲಿ ಎಂಟು ಸೈಟುಗಳ ಮುಂಭಾಗ ಬರುತ್ತದೆ. ಪ್ರತಿ ಸೈಟಿಗೂ 3 ಮೀಟರ್ ಗೇಟು ಎಂದರೆ ಗೇಟಿನಿಂದ ಗೇಟಿಗೆ ಸುಮಾರು 6.1 ಮೀಟರ್ ಸಂದು. ಅದರಲ್ಲಿ ಒಂದು ಕಾರು ಹಿಡಿಸುತ್ತದೆ, ಎರಡು ಹಿಡಿಸುವುದಿಲ್ಲ. ಸಣ್ಣ ಆಲ್ಟೊ ಕೂಡ ಮೂರೂವರೆ ಮೀಟರ್ ಉದ್ದ. ಹಾಗಾಗಿ ಎಂಟು ಕಾರು. ಒಂದು ಟ್ರಾನ್ಸ್‌ಫಾರ್ಮರ್ ಅಥವಾ ದೊಡ್ಡ ಮರ ಅಡ್ಡ ಬಂದರೆ ಏಳು.

66 ಮನೆಗೆ ಏಳು ಜಾಗ!

ಅರ್ಧ ಮನೆಗಳಲ್ಲಿ ಮಾತ್ರ ಕಾರಿದೆ ಎಂದುಕೊಳ್ಳೋಣ, 33 ಕಾರು. 22 ಸೈಟುಗಳಲ್ಲೂ ಕಾಂಪೌಂಡಿನ ಒಳಗೆ ಒಂದೊಂದು ಕಾರು ನಿಲ್ಲುತ್ತದೆ ಎಂದೂ ಒಪ್ಪೋಣ. ಉಳಿದ 11 ಕಾರು ಬೀದಿಗೆ ಬರುತ್ತವೆ, ಜಾಗ ಏಳು. ಇಷ್ಟು ಉದಾರವಾಗಿ ಲೆಕ್ಕ ಹಾಕಿದರೂ ನಾಲ್ಕು ಕಾರಿಗೆ ನೆಲೆಯಿಲ್ಲ. ಎರಡು ಮನೆಯವರು ಒಳಗಿನ ಗ್ಯಾರೇಜನ್ನು ಅಂಗಡಿಯಾಗಿಯೋ ಬಾಡಿಗೆ ಕೋಣೆಯಾಗಿಯೋ ಮಾಡಿಕೊಂಡರೆ ಆ ನಾಲ್ಕು ಆರಾಗುತ್ತದೆ.

ಇನ್ನು ಗೇಟಿನ ಅಗಲ. 3 ಮೀಟರ್ ಗೇಟನ್ನು ಎರಡು ಕಾರು ಒಟ್ಟಿಗೆ ಒಳಬರಲೆಂದು 5 ಮೀಟರ್ ಮಾಡಿಸಿದರೆ ಪಕ್ಕದ ಸಂದು 4.1 ಮೀಟರ್‌ಗೆ ಇಳಿಯುತ್ತದೆ. ಅಲ್ಲಿ 4 ಮೀಟರ್ ಒಳಗಿನ ಸಣ್ಣ ಕಾರು ಮಾತ್ರ ಬಿಗಿಯಾಗಿ ನಿಂತೀತು. ಮನೆಯ ಮುಂಭಾಗ ಪೂರ್ತಿ ರ್‍ಯಾಂಪ್ ಹಾಕಿಸಿದರೆ ಸೊನ್ನೆ. ಅಂದರೆ ಪ್ರತಿಯೊಂದು ಅಗಲದ ಗೇಟು, ಉದ್ದದ ರ್‍ಯಾಂಪ್ ಬೀದಿಯ ಒಂದು ಜಾಗವನ್ನು ನುಂಗುತ್ತದೆ. ಸಮೀಕ್ಷೆ ಮಾಡುವವರು ಇದನ್ನು ಬರೆದುಕೊಳ್ಳದಿದ್ದರೆ ನಕ್ಷೆಯಲ್ಲಿ ಹನ್ನೆರಡು ಜಾಗ ಕಾಣುತ್ತದೆ, ಬೀದಿಯಲ್ಲಿ ಏಳು ಸಿಗುತ್ತದೆ.

ದ್ವಿಚಕ್ರ ವಾಹನಗಳನ್ನೂ ಮರೆಯಬಾರದು. ಒಂದು ಕಾರಿನ ಸಂದಿನಲ್ಲಿ ಆರು ಸ್ಕೂಟರ್‌ಗಳನ್ನು ಅಡ್ಡಲಾಗಿ ನಿಲ್ಲಿಸಬಹುದು. ಬಿಟಿಎಂ ಲೇಔಟಿನಂತೆ ಪಿ.ಜಿ.ಗಳು ಹೆಚ್ಚಿರುವ ಬೀದಿಯಲ್ಲಿ ಏಳರಲ್ಲಿ ಎರಡು ಜಾಗವನ್ನು ಸ್ಕೂಟರ್, ಬೈಕಿಗೆ ಗುರುತು ಹಾಕಿ ಬಿಟ್ಟರೆ ಹನ್ನೆರಡು ಮಂದಿಗೆ ಅನುಕೂಲ. ಹಾಗೆ ಬಿಡದಿದ್ದರೆ ಅವು ಫುಟ್‌ಪಾತ್ ಹತ್ತುತ್ತವೆ.

ರಾತ್ರಿಯ ತೊಂದರೆ ಬೇರೆ, ಹಗಲಿನದು ಬೇರೆ

ಪರ್ಮಿಟ್‌ನ ಶಕ್ತಿ ಮತ್ತು ಮಿತಿ ಎರಡೂ ಇಲ್ಲಿವೆ. ಬೀದಿ ತುಂಬುವುದಕ್ಕೆ ಎರಡು ಬೇರೆ ಕಾರಣಗಳಿರುತ್ತವೆ.

ಮೊದಲನೆಯದು ಹೊರಗಿನವರ ವಾಹನ. ಮಲ್ಲೇಶ್ವರದ ಸಂಪಿಗೆ ರಸ್ತೆಗೆ, ಗಾಂಧಿ ಬಜಾರಿಗೆ, ಜಯನಗರ ನಾಲ್ಕನೇ ಬ್ಲಾಕಿಗೆ ಬರುವವರು ಮುಖ್ಯರಸ್ತೆಯಲ್ಲಿ ಜಾಗ ಸಿಗದೆ ಒಳಗಿನ ಕ್ರಾಸ್‌ಗಳಿಗೆ ನುಗ್ಗುತ್ತಾರೆ. ಇಂದಿರಾನಗರದ 12ನೇ ಮೇನ್ ಸುತ್ತ ಸಂಜೆಯಿಂದ ರಾತ್ರಿವರೆಗೆ ಇದೇ ಕಥೆ. ಮೆಟ್ರೊ ನಿಲ್ದಾಣಗಳ ಬಳಿ ಬೆಳಿಗ್ಗೆ ಕಾರೋ ಬೈಕೋ ಬಿಟ್ಟು ರೈಲು ಹತ್ತುವವರು ಸಂಜೆಯೇ ಮರಳುವುದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಆ ಸಾಲಿನ ಬಡಾವಣೆಗಳಿಗೂ ಈ ಪ್ರಶ್ನೆ ಬಂದಿದೆ. ಇಂಥ ಬೀದಿಗಳಲ್ಲಿ ಪರ್ಮಿಟ್ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಹೊರಗಿನವರನ್ನು ದೂರವಿಡುವುದೇ ಅದರ ಮೂಲ ಕೆಲಸ.

ಎರಡನೆಯದು ಬೀದಿಯವರದೇ ವಾಹನ ಜಾಗಕ್ಕಿಂತ ಹೆಚ್ಚಿರುವುದು. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮನೆ ಸೇರಿದ ಮೇಲೆ ಬೀದಿ ತುಂಬಿದ್ದರೆ ಅಲ್ಲಿ ನಿಂತಿರುವವು ಅಲ್ಲಿನವರ ಕಾರುಗಳೇ. ಅಲ್ಲಿ ಹನ್ನೊಂದು ಕಾರಿಗೂ ಪರ್ಮಿಟ್ ಕೊಟ್ಟರೆ ಏನೂ ಬದಲಾಗುವುದಿಲ್ಲ. ಪರ್ಮಿಟ್‌ಗೆ ದುಡ್ಡು ಕೊಟ್ಟೂ ಜಾಗ ಸಿಗದವರು ನಾಲ್ಕು ಜನ ಇರುತ್ತಾರೆ, ಅಷ್ಟೇ. ಕಚೇರಿ ಪ್ರದೇಶಗಳಲ್ಲಿ ಇರುವ ಜಾಗಕ್ಕಿಂತ ಹೆಚ್ಚು ಪಾಸ್ ಕೊಟ್ಟರೂ ನಡೆಯುತ್ತದೆ, ಎಲ್ಲರೂ ಒಂದೇ ಹೊತ್ತಿಗೆ ಬರುವುದಿಲ್ಲ. ವಸತಿ ಬೀದಿಯಲ್ಲಿ ರಾತ್ರಿ ಎಲ್ಲರೂ ಒಂದೇ ಹೊತ್ತಿಗೆ ಇರುತ್ತಾರೆ, ಆದ್ದರಿಂದ ಜಾಗ ಎಷ್ಟೋ ಪರ್ಮಿಟ್ ಅಷ್ಟೇ ಇರಬೇಕು.

ನಿಮ್ಮ ಬೀದಿಯದು ಯಾವ ಬಗೆ ಎಂದು ತಿಳಿಯುವುದು ಸುಲಭ. ಒಂದು ವಾರದ ದಿನ ಮಧ್ಯಾಹ್ನ ಹನ್ನೆರಡಕ್ಕೂ ಅದೇ ರಾತ್ರಿ ಹನ್ನೆರಡರ ನಂತರವೂ ನಿಂತ ವಾಹನಗಳ ನಂಬರ್ ಬರೆದುಕೊಳ್ಳಬೇಕು. ಎರಡೂ ಪಟ್ಟಿಯಲ್ಲಿರುವವು ಬಹುತೇಕ ನಿವಾಸಿಗಳವು, ಹಗಲಿನ ಪಟ್ಟಿಯಲ್ಲಿ ಮಾತ್ರ ಇರುವವು ಹೊರಗಿನವು. ಒಂದು ವಾರಾಂತ್ಯದ ಸಂಜೆಯೂ ಒಮ್ಮೆ ಎಣಿಸಿದರೆ ಹೋಟೆಲು, ಅಂಗಡಿಗೆ ಬರುವವರ ಲೆಕ್ಕ ಸಿಗುತ್ತದೆ. ಬಡಾವಣೆಯ ನಿವಾಸಿಗಳ ಸಂಘ ಈ ಪಟ್ಟಿ ಇಟ್ಟುಕೊಂಡು ಸಭೆಗೆ ಹೋದರೆ ಮಾತಿಗೆ ತೂಕ ಬರುತ್ತದೆ.

ಕಾನೂನು ಈಗ ಹೇಳುವುದೇನು

ಮನೆಯ ಮುಂದಿನ ರಸ್ತೆ ಮನೆಯವರದಲ್ಲ. ಸೈಟಿನ ಗಡಿ ಕಾಂಪೌಂಡಿಗೆ ಮುಗಿಯುತ್ತದೆ, ಅದರಾಚೆಯ ಚರಂಡಿ, ಫುಟ್‌ಪಾತ್, ಡಾಂಬರು ಸಾರ್ವಜನಿಕ ಆಸ್ತಿ. ಗೇಟಿಗೆ ಅಡ್ಡವಾಗಿ ಬೇರೆಯವರು ನಿಲ್ಲಿಸದಂತೆ ತಡೆಯುವ ಹಕ್ಕು ನಿಮಗಿದೆ. ಗೇಟಿನ ಆಚೀಚಿನ ರಸ್ತೆಯನ್ನು ಕಲ್ಲು, ಹೂಕುಂಡ, ಕಬ್ಬಿಣದ ಸರಪಳಿ, ಹಳೆಯ ಟೈರು ಇಟ್ಟು ಕಾಯ್ದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಮನೆಯವರೇ ಬರೆಸಿ ತೂಗುಹಾಕಿದ ‘ನೋ ಪಾರ್ಕಿಂಗ್’ ಫಲಕಕ್ಕೆ, ಅದರಲ್ಲಿ ಟೈರು ಪಂಕ್ಚರ್ ಮಾಡಲಾಗುವುದು ಎಂದಿದ್ದರಂತೂ, ಕಾನೂನಿನ ಬಲ ಇಲ್ಲವೇ ಇಲ್ಲ.

1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ವಾಹನ ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದು ಎಂದು ಗೊತ್ತುಪಡಿಸುವುದು ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ, ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ. ಪರ್ಮಿಟ್ ವಲಯಕ್ಕೂ ಇಂಥ ಅಧಿಕೃತ ಆದೇಶ ಬೇಕು, ನಿವಾಸಿಗಳ ಸಂಘ ತಾನೇ ಸ್ಟಿಕ್ಕರ್ ಅಚ್ಚುಹಾಕಿಸಿ ಹಂಚಿದರೆ ಅದು ಪರ್ಮಿಟ್ ಆಗದು. ಅದೇ ಕಾಯ್ದೆಯ 127ನೇ ಸೆಕ್ಷನ್ ಇನ್ನೊಂದು ವಿಷಯ ಹೇಳುತ್ತದೆ: ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಬಿಟ್ಟುಹೋದ ವಾಹನವನ್ನು, ಅಥವಾ ನಿಷೇಧವಿರುವ ಜಾಗದಲ್ಲಿ ನಿಲ್ಲಿಸಿದ ವಾಹನವನ್ನು ಎತ್ತಿಸಲು, ಚಕ್ರಕ್ಕೆ ಬೀಗ ಹಾಕಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ತಿಂಗಳುಗಟ್ಟಲೆ ಧೂಳು ಹಿಡಿದು ನಿಂತ ಕಾರಿನ ಬಗ್ಗೆ ಸಂಚಾರ ಪೊಲೀಸರಿಗೆ ದೂರು ಕೊಡಲು ಇದೇ ಆಧಾರ. ಯಾರೂ ಬಳಸದ ಇಂಥ ಕಾರು ಒಂದಿದ್ದರೂ ಏಳು ಜಾಗದ ಬೀದಿ ಆರಕ್ಕೆ ಇಳಿಯುತ್ತದೆ.

ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ್ದೇವಲ್ಲ, ಮತ್ತೆ ಶುಲ್ಕ ಏಕೆ ಎಂಬ ಪ್ರಶ್ನೆ ಸಹಜ. ಆ ತೆರಿಗೆ ರಾಜ್ಯ ಸರ್ಕಾರಕ್ಕೆ ಸಲ್ಲುತ್ತದೆ, 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ ವಾಹನದ ಮೇಲೆ ವಿಧಿಸುವಂಥದ್ದು. ಬೀದಿಯಲ್ಲಿ ನಿರ್ದಿಷ್ಟ ಜಾಗ ಹಿಡಿದು ವಾಹನ ಇಟ್ಟುಕೊಳ್ಳುವ ಅನುಮತಿ ಅದರಲ್ಲಿ ಸೇರಿಲ್ಲ. ಮನೆ ಕಂದಾಯವೂ ಕಾಂಪೌಂಡಿನ ಒಳಗಿನ ಆಸ್ತಿಗೆ.

ಬೆಂಗಳೂರಿನ ನೀತಿ ಇಟ್ಟ ದರ

ನೀತಿ 2.0ರ ಕರಡು ಸಿದ್ಧಪಡಿಸಿದ್ದು ನಗರಾಭಿವೃದ್ಧಿ ಇಲಾಖೆಯ ನಗರ ಭೂ ಸಾರಿಗೆ ನಿರ್ದೇಶನಾಲಯ. ಅಡ್ಡಾದಿಡ್ಡಿಯಾಗಿ ಪುಕ್ಕಟೆ ನಿಲ್ಲುವ ಪಾರ್ಕಿಂಗನ್ನು ಗುರುತು ಹಾಕಿದ, ಶುಲ್ಕದ ಪಾರ್ಕಿಂಗಿಗೆ ತರುವುದು, ಪ್ರದೇಶವಾರು ಪಾರ್ಕಿಂಗ್ ಯೋಜನೆ ಮಾಡುವುದು ಅದರ ತಿರುಳು. ವಸತಿ ಪರ್ಮಿಟ್‌ಗೆ ಅದು ಸೂಚಿಸಿದ ವಾರ್ಷಿಕ ಶುಲ್ಕ ಸಣ್ಣ ಕಾರಿಗೆ 1,000 ರೂಪಾಯಿ, ಮಧ್ಯಮ ಗಾತ್ರದ ಕಾರಿಗೆ 3,000ದಿಂದ 4,000, ಎಸ್‌ಯುವಿಯಂಥ ದೊಡ್ಡವಕ್ಕೆ 5,000.

ದಿನಕ್ಕೆ ಹಂಚಿದರೆ ಸಣ್ಣ ಕಾರಿಗೆ 3 ರೂಪಾಯಿಗಿಂತ ಕಡಿಮೆ, ದೊಡ್ಡದಕ್ಕೆ 14 ರೂಪಾಯಿಯ ಒಳಗೆ. ಗಾತ್ರಕ್ಕೆ ತಕ್ಕ ದರ ಇಟ್ಟದ್ದಕ್ಕೆ ಕಾರಣ ನೆಲ. ಆಲ್ಟೊ ಕೆ10 ಸುಮಾರು 3.5 ಮೀಟರ್ ಉದ್ದ, 1.5 ಮೀಟರ್ ಅಗಲ. ಇನ್ನೋವಾ ಕ್ರಿಸ್ಟಾ 4.7 ಮೀಟರ್ ಉದ್ದ, 1.8 ಮೀಟರ್ ಅಗಲ. ದೊಡ್ಡ ಕಾರು ಹಿಡಿಯುವ ನೆಲ ಸಣ್ಣದರದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಪಾರ್ಕಿಂಗ್ ಜಾಗವನ್ನು 2.5 ಮೀಟರ್ ಅಗಲ, 5 ಮೀಟರ್ ಉದ್ದ ಎಂದು ಹಿಡಿದರೆ ಸುಮಾರು 135 ಚದರಡಿ ಆಗುತ್ತದೆ, ಒಂದು 30x40 ಸೈಟಿನ ಒಂಬತ್ತನೇ ಒಂದು ಭಾಗ.

ಈ ದರ ಕಡಿಮೆಯೋ ಹೆಚ್ಚೋ ಎಂಬುದಕ್ಕಿಂತ ಅದರ ಪರಿಣಾಮ ನೋಡಬೇಕು. ಶುಲ್ಕ ತೀರ ಕಡಿಮೆಯಿದ್ದರೆ ಒಳಗೆ ಗ್ಯಾರೇಜ್ ಇರುವವರೂ ಪರ್ಮಿಟ್ ತೆಗೆದುಕೊಂಡು ಕಾರನ್ನು ಹೊರಗೇ ಬಿಡುತ್ತಾರೆ, ಗ್ಯಾರೇಜು ಗೋದಾಮಾಗುತ್ತದೆ. ಶುಲ್ಕ ತೀರ ಹೆಚ್ಚಿದ್ದರೆ ಕಾಂಪೌಂಡಿನಲ್ಲಿ ಜಾಗ ಸಿಗದ ಬಾಡಿಗೆದಾರರ ಮೇಲೆ ಭಾರ ಬೀಳುತ್ತದೆ. ನನ್ನ ಅಭಿಪ್ರಾಯದಲ್ಲಿ ದರಕ್ಕಿಂತ ಮೊದಲು ಕೇಳಬೇಕಾದ್ದು ಒಳಗೆ ಜಾಗ ಇರುವ ಮನೆಗೆ ಪರ್ಮಿಟ್ ಕೊಡುತ್ತಾರೋ ಇಲ್ಲವೋ ಎಂಬುದನ್ನು.

ವಲಯ ಮಾಡುವ ಕೆಲಸ, ಅದು ಕೆಡುವ ಬಗೆ

ಕ್ರಮ ಹೀಗಿರಬೇಕು: ಮೊದಲು ಜಾಗ ಎಣಿಸುವುದು, ಆಮೇಲೆ ವಾಹನ ಎಣಿಸುವುದು, ನಂತರ ವಲಯದ ಗಡಿ, ಹೊತ್ತು, ಪರ್ಮಿಟ್ ಸಂಖ್ಯೆ, ಕೊನೆಗೆ ದರ. ದರದಿಂದ ಶುರುಮಾಡಿದ ಚರ್ಚೆ ಅಲ್ಲೇ ಮುಗಿಯುತ್ತದೆ.

ವಲಯದ ಗಡಿ ಸೂಕ್ಷ್ಮ ವಿಷಯ. ಎರಡು ಬೀದಿಯಷ್ಟು ಸಣ್ಣದಾದರೆ ಪಕ್ಕದ ಬೀದಿಯಲ್ಲಿ ಖಾಲಿ ಜಾಗವಿದ್ದರೂ ನಿಲ್ಲಿಸುವಂತಿಲ್ಲ, ಹೊರಗಿನವರ ವಾಹನವೆಲ್ಲ ಆ ಪಕ್ಕದ ಬೀದಿಗೆ ಹರಿಯುತ್ತದೆ. ಆರು ತಿಂಗಳಲ್ಲಿ ಅಲ್ಲಿನವರೂ ಪರ್ಮಿಟ್ ಕೇಳುತ್ತಾರೆ. ತೀರ ದೊಡ್ಡದಾದರೆ, ಉದಾಹರಣೆಗೆ ಇಡೀ ಜಯನಗರವೇ ಒಂದು ವಲಯವಾದರೆ, ಏಳನೇ ಬ್ಲಾಕಿನವರು ಪರ್ಮಿಟ್ ಅಂಟಿಸಿಕೊಂಡು ನಾಲ್ಕನೇ ಬ್ಲಾಕಿನ ಅಂಗಡಿಗೆ ಕಾರಿನಲ್ಲೇ ಬಂದು ಅಲ್ಲಿನ ಬೀದಿಯಲ್ಲಿ ನಿಲ್ಲಿಸಬಹುದು. ಐದಾರು ನಿಮಿಷ ನಡೆದು ಮನೆ ಸೇರುವಷ್ಟು ವ್ಯಾಪ್ತಿ ಸಾಕು.

ಹೊತ್ತಿನ ಮಾತು. ಮೆಟ್ರೊ ಬಳಿಯ ಬೀದಿಗೆ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಮಾತ್ರ ಪರ್ಮಿಟ್ ಕಡ್ಡಾಯ ಮಾಡಿದರೂ ದಿನವಿಡೀ ನಿಲ್ಲಿಸಿಹೋಗುವವರು ದೂರವಾಗುತ್ತಾರೆ, ಮಧ್ಯಾಹ್ನ ಬರುವ ನೆಂಟರಿಗೆ ತೊಂದರೆಯಿಲ್ಲ. ಹೋಟೆಲು, ಪಬ್ ಇರುವ ಕಡೆ ಸಂಜೆ ಆರರ ನಂತರದ ಹೊತ್ತು ಬೇಕು. ದಿನದ 24 ಗಂಟೆಯೂ ಕಡ್ಡಾಯ ಎಂದರೆ ಮನೆಗೆ ಬರುವ ಪ್ಲಂಬರ್, ಹೋಮ್ ನರ್ಸ್, ಮನೆಗೆಲಸದವರು, ಗೃಹಪ್ರವೇಶಕ್ಕೆ ಬಂದವರು ಎಲ್ಲರೂ ತಪ್ಪಿತಸ್ಥರಾಗುತ್ತಾರೆ. ಅದಕ್ಕೆ ಅತಿಥಿ ಪಾಸ್ ಬೇಕು, ಮನೆಗೆ ವರ್ಷಕ್ಕೆ ಇಂತಿಷ್ಟು ದಿನ ಎಂಬ ಮಿತಿಯೊಡನೆ. ಮಿತಿ ಇಲ್ಲದಿದ್ದರೆ ಅತಿಥಿ ಪಾಸನ್ನು ಪಕ್ಕದ ಕಚೇರಿಯವರಿಗೆ ತಿಂಗಳ ಬಾಡಿಗೆಗೆ ಕೊಡುವ ದಂಧೆ ಹುಟ್ಟುತ್ತದೆ. ಆಂಬುಲೆನ್ಸ್, ಸಿಲಿಂಡರ್ ಗಾಡಿ, ಕಸದ ಆಟೊ ಇವುಗಳಿಗೆ ಪರ್ಮಿಟ್ ಅನ್ವಯಿಸಬಾರದು.

ಗುರುತು ಹೇಗೆ? ಗಾಜಿಗೆ ಅಂಟಿಸುವ ಸ್ಟಿಕ್ಕರ್ ಅಗ್ಗ, ಆದರೆ ಬಣ್ಣದ ಜೆರಾಕ್ಸ್ ಮಾಡುವುದು ಅದಕ್ಕಿಂತ ಅಗ್ಗ. ಪರ್ಮಿಟನ್ನು ನಂಬರ್ ಪ್ಲೇಟಿಗೇ ಜೋಡಿಸಿ, ತಪಾಸಣೆಯವರು ಮೊಬೈಲ್‌ನಲ್ಲಿ ನಂಬರ್ ಹಾಕಿ ನೋಡುವುದು ಹೆಚ್ಚು ಭದ್ರ. ಇದಕ್ಕೆ ಪ್ಲೇಟು ಓದುವಂತಿರಬೇಕು. 2019ರ ಏಪ್ರಿಲ್ 1ಕ್ಕೆ ಮುಂಚಿನ ವಾಹನಗಳಿಗೂ ಅತಿಸುರಕ್ಷಿತ ನೋಂದಣಿ ಫಲಕ ಹಾಕಿಸಬೇಕೆಂದು ರಾಜ್ಯದಲ್ಲಿ ಕಡ್ಡಾಯ ಮಾಡಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ ತಪಾಸಣೆ. ಜಾಗ ಗುರುತು ಹಾಕುವುದು ಪಾಲಿಕೆ, ದಂಡ ಹಾಕುವುದು ಸಂಚಾರ ಪೊಲೀಸರು. ಇಬ್ಬರ ನಡುವೆ ಮಾಹಿತಿ ಹರಿಯದಿದ್ದರೆ ಪರ್ಮಿಟ್ ಇದ್ದವರಿಗೇ ದಂಡ ಬೀಳಬಹುದು. ಖಾಸಗಿಯವರ ಟೋಯಿಂಗ್ ಬಗ್ಗೆ ಜನರಿಂದ ಬಹಳ ದೂರು ಬಂದು 2022ರ ಫೆಬ್ರುವರಿಯಲ್ಲಿ ನಗರದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಎತ್ತಿಕೊಂಡು ಹೋಗುವುದೊಂದೇ ದಾರಿ ಎಂದು ನೆಚ್ಚಿಕೊಂಡ ವ್ಯವಸ್ಥೆ ಬಾಳುವುದು ಕಷ್ಟ ಎಂಬುದಕ್ಕೆ ಅದು ಸಾಕ್ಷಿ. ವಾರಕ್ಕೆ ಎರಡು ಬಾರಿ ಬೇರೆಬೇರೆ ಹೊತ್ತಿನಲ್ಲಿ ಬೀದಿ ಸುತ್ತಿ ಮೊಬೈಲ್‌ನಲ್ಲೇ ನೋಟಿಸ್ ಕಳಿಸುವುದು ಅದಕ್ಕಿಂತ ಪರಿಣಾಮಕಾರಿ.

ಹಳೆಯ ಬಡಾವಣೆಗಳಲ್ಲಿ ಕಾಣುವ ಸಮ–ಬೆಸ ದಿನದ ಫಲಕಗಳೂ ಇದೇ ಕುಟುಂಬಕ್ಕೆ ಸೇರಿದವು. ಸಮ ತಾರೀಖಿನಂದು ಒಂದು ಬದಿ, ಬೆಸ ತಾರೀಖಿನಂದು ಇನ್ನೊಂದು ಬದಿ. ಒಂದೇ ಬದಿಯವರಿಗೆ ಸದಾ ಹೊರೆಯಾಗದಿರಲಿ, ಖಾಲಿ ಬದಿ ಗುಡಿಸಲು ಸಿಗಲಿ ಎಂಬುದು ಉದ್ದೇಶ. ಪರ್ಮಿಟ್ ವಲಯದಲ್ಲಿ ಇದನ್ನು ಉಳಿಸಿಕೊಂಡರೆ ಕಾರಿಟ್ಟು ಊರಿಗೆ ಹೋದವರು ಏನು ಮಾಡಬೇಕೆಂಬುದನ್ನೂ ನಿಯಮದಲ್ಲಿ ಬರೆಯಬೇಕಾಗುತ್ತದೆ.

ಬೇರೆ ಊರುಗಳು ಹಿಡಿದ ದಾರಿ

ಜಪಾನ್ ಸಮಸ್ಯೆಯನ್ನು ಕಾರು ಕೊಳ್ಳುವ ಹೊತ್ತಿಗೇ ಹಿಡಿಯಿತು. ಅಲ್ಲಿನ 1962ರ ಕಾಯ್ದೆಯಂತೆ ಕಾರು ನೋಂದಾಯಿಸುವವರು ಮನೆಯಿಂದ 2 ಕಿಲೋಮೀಟರ್ ಒಳಗೆ ರಸ್ತೆಯಲ್ಲದ ಜಾಗವಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತರಬೇಕು. ರಾತ್ರಿ ರಸ್ತೆಯಲ್ಲಿ ಒಂದೇ ಕಡೆ 8 ಗಂಟೆ ನಿಲ್ಲಿಸುವುದೂ ನಿಷಿದ್ಧ. ನಮ್ಮಲ್ಲೂ ‘ಜಾಗ ಇದ್ದರೆ ಮಾತ್ರ ನೋಂದಣಿ’ ಎಂಬ ಮಾತು ಹಲವು ಬಾರಿ ಬಂದಿದೆ. ಆದರೆ ಅದು ಹೊಸ ಕಾರಿಗಷ್ಟೇ ತಟ್ಟುತ್ತದೆ, ಈಗಾಗಲೇ ಬೀದಿಯಲ್ಲಿರುವವಕ್ಕೆ ಪರ್ಮಿಟ್‌ನಂಥದ್ದೇ ಬೇಕು.

ಅಮೆರಿಕದ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ಕಚೇರಿಗೆ ಬರುವವರು ವಸತಿ ಬೀದಿ ತುಂಬಿಸಿದಾಗ ನಿವಾಸಿಗಳಿಗೆ ಮಾತ್ರ ಪರ್ಮಿಟ್ ಕೊಟ್ಟರು. ಇದು ಹೊರಗಿನವರ ಮೇಲೆ ತಾರತಮ್ಯ ಎಂಬ ದಾವೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1977ರಲ್ಲಿ ನ್ಯಾಯಾಲಯ ಪರ್ಮಿಟ್ ಪದ್ಧತಿಯನ್ನು ಎತ್ತಿಹಿಡಿಯಿತು. ಗಮನಿಸಿ, ಅಲ್ಲಿನದು ಹಗಲಿನ ತೊಂದರೆ.

ನಮಗೆ ಹತ್ತಿರದ್ದು ದೆಹಲಿ. 2019ರಲ್ಲಿ ಅಲ್ಲಿ ಪಾರ್ಕಿಂಗ್ ಸ್ಥಳಗಳ ನಿರ್ವಹಣೆಗೆಂದೇ ನಿಯಮಾವಳಿ ಬಂತು, ಲಾಜಪತ್ ನಗರದಲ್ಲಿ ಪ್ರದೇಶವಾರು ಯೋಜನೆಯ ಪ್ರಯೋಗ ನಡೆಯಿತು. ಇಡೀ ಪ್ರದೇಶದ ಜಾಗವನ್ನೂ ವಾಹನವನ್ನೂ ಒಟ್ಟಿಗೆ ಎಣಿಸಿ ಯೋಜನೆ ಮಾಡುವುದು ಅದರ ಬಗೆ. ಬೆಂಗಳೂರಿನ ನೀತಿಯೂ ಅದೇ ದಾರಿ ಹಿಡಿದಿದೆ.

ಅಪಾರ್ಟ್‌ಮೆಂಟಿನವರಿಗೆ ಎರಡು ಮಾತು

ಕಟ್ಟಡದ ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿ ಮಂಜೂರಾತಿ ಪಡೆದ ಸ್ಟಿಲ್ಟ್ (ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ) ಜಾಗವನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯೂ ತೆರೆದ ಪಾರ್ಕಿಂಗನ್ನು ‘ಗ್ಯಾರೇಜ್’ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಒಳಗೆ ಜಾಗ ಖಾಲಿಯಿದ್ದೂ ಹಂಚಿಕೆಯ ಜಗಳದಿಂದ ಕಾರುಗಳು ಬೀದಿಗೆ ಬಂದಿದ್ದರೆ ಅದನ್ನು ಮೊದಲು ಸಂಘದ ಸಭೆಯಲ್ಲೇ ಬಗೆಹರಿಸಿಕೊಳ್ಳಬೇಕು.

ಕಾಗದಪತ್ರ: ಈಗಲೇ ಮಾಡಿಕೊಳ್ಳಬಹುದಾದ್ದು

ಪರ್ಮಿಟ್ ಯಾವಾಗ ಬಂದರೂ ಕೇಳುವುದು ಎರಡು ವಿಷಯ: ನೀವು ಇಲ್ಲಿ ವಾಸವಿದ್ದೀರಾ, ವಾಹನ ನಿಮ್ಮದಾ. ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಆರ್‌ಸಿಯಲ್ಲಿರುವ ವಿಳಾಸದಲ್ಲಿ. ಮನೆ ಬದಲಿಸಿ ವರ್ಷಗಳಾದರೂ ಆರ್‌ಸಿಯಲ್ಲಿ ಹಳೆಯ ಬಡಾವಣೆಯೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ ವಿಳಾಸ ಬದಲಾದ 30 ದಿನದೊಳಗೆ ತಿಳಿಸಬೇಕು. ಅದಕ್ಕೆ ನಮೂನೆ 33. ಪರಿವಾಹನ್ ಜಾಲತಾಣದ ಮೂಲಕವೂ ಅರ್ಜಿ ಹಾಕಬಹುದು. ಚಾಲ್ತಿ ವಿಮೆ, ಹೊಗೆ ತಪಾಸಣೆ ಪತ್ರ ಜೊತೆಗಿರಲಿ. ಸಾಲದ ಮೇಲೆ ಕೊಂಡ ಕಾರಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕಾಗುತ್ತದೆ, ಅದಕ್ಕೇ ಹೆಚ್ಚು ದಿನ ಹಿಡಿಯುವುದು.

ಹೊರರಾಜ್ಯದ ನಂಬರ್ ಇರುವವರು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ವಾಹನ ಇಟ್ಟುಕೊಂಡರೆ 47ನೇ ಸೆಕ್ಷನ್‌ನಂತೆ ಕರ್ನಾಟಕದ ನೋಂದಣಿ ಪಡೆಯಬೇಕು. ಕಂಪನಿಯ ಹೆಸರಿನ ಕಾರು ಓಡಿಸುವವರು ಕಾರು ತಮ್ಮ ಬಳಕೆಗೆ ಕೊಟ್ಟದ್ದು ಎಂಬ ಪತ್ರವನ್ನು ಕಂಪನಿಯಿಂದ ಪಡೆದಿಟ್ಟುಕೊಳ್ಳಬೇಕು.

ಬಾಡಿಗೆದಾರರಿಗೆ ಒಂದು ತೊಡಕಿದೆ. ಪರ್ಮಿಟ್ ವರ್ಷಕ್ಕೆ, ನಮ್ಮ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ಅವಧಿಯ ನಡುವೆ ಮನೆ ಬಿಟ್ಟರೆ ಪರ್ಮಿಟ್ ರದ್ದಾಗಿ ಉಳಿದ ತಿಂಗಳ ದುಡ್ಡು ವಾಪಸ್ ಬರುತ್ತದೆಯೇ, ಹೊಸ ವಲಯಕ್ಕೆ ವರ್ಗಾಯಿಸಬಹುದೇ ಎಂದು ನಿಯಮದ ಕರಡು ಹೊರಬಿದ್ದಾಗಲೇ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ ಕೇಳಬೇಕು. ಒಂದೇ ಕಟ್ಟಡದಲ್ಲಿ ಮೂರು ಮನೆಗಳಿದ್ದು ಕಂದಾಯದ ದಾಖಲೆ ಮಾಲೀಕರ ಹೆಸರಿನಲ್ಲಿ ಒಂದೇ ಇದ್ದರೆ, ಪ್ರತ್ಯೇಕ ಮನೆ ಎಂದು ತೋರಿಸಲು ಬೆಸ್ಕಾಂ ಬಿಲ್ಲಿನ ಆರ್‌ಆರ್ ನಂಬರ್ ಸುಲಭದ ಆಧಾರ. ಕರಾರು ಬರೆಸುವಾಗಲೇ ಅದರಲ್ಲಿ ಆ ನಂಬರನ್ನೂ, ಕಾಂಪೌಂಡಿನ ಒಳಗೆ ನಿಮಗೆ ಕಾರಿನ ಜಾಗ ಇದೆಯೋ ಇಲ್ಲವೋ ಎಂಬುದನ್ನೂ ಸೇರಿಸಲು ಮಾಲೀಕರಿಗೆ ಹೇಳಿ.